ಕಟ್ಟಿಟ್ಟ ಗರಿ, ಬಿಚ್ಚಿದ ಗರಿ

ಬಿಡಿ ಓಲೆಗರಿಗೆ ಬಲವಿಲ್ಲ. ಮಡಚಿದರೆ ಸೀಳುತ್ತದೆ. ಗರಿಯ ಮೇಲೆ ಗರಿ ಜೋಡಿಸಿ, ತೂತಿನಲ್ಲಿ ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು ಬಿಗಿದರೆ ಶತಮಾನಗಳು ಬಾಳುತ್ತದೆ. ಆದರೆ ಬಿಚ್ಚದೆ ಓದಲಾಗದು, ಬಿಚ್ಚಿದಷ್ಟೂ ಸವೆಯುತ್ತದೆ.

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೇ ಇಂಥ ಗರಿಗಳಿಂದ. ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆ, ಜೊತೆಗೆ ಜಯಧವಲಾ, ಮಹಾಬಂಧಗಳ ಹಳಗನ್ನಡ ಲಿಪಿಯ ಪ್ರತಿಗಳು ಉಳಿದದ್ದು ಇಲ್ಲಿ. ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ.

19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು, ಆದರೆ ಪ್ರತಿ ಊರು ಬಿಡುವಂತಿರಲಿಲ್ಲ. ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಅದು ಉತ್ತರದ ಸಹಾರನಪುರ ಸೇರಿತು. ಅಲ್ಲಿಂದ ಮತ್ತೆ ಗುಟ್ಟಾಗಿ ಪ್ರತಿಗಳು ಹರಡಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾ ಅಚ್ಚಾಗತೊಡಗಿತು. ಮುಂದೆ ಮೂಡಬಿದಿರೆಯವರೇ ಮೂಲದೊಡನೆ ಹೋಲಿಸಿ ನೋಡಲು ಅವಕಾಶ ಕೊಟ್ಟರು.

ಇದು ಕಳ್ಳತನವೋ ಶಾಸ್ತ್ರದಾನವೋ?

ಉತ್ತರ ಹುಡುಕಲು ಜೈನ ಚಿಂತನೆಯ ಆಚೆ ಹೋಗಬೇಕಿಲ್ಲ. ಜ್ಞಾನವನ್ನು ಮುಚ್ಚುವ ಕರ್ಮಕ್ಕೆ ಜ್ಞಾನಾವರಣವೆಂದು ಹೆಸರು. ಅದು ಅಂಟುವ ಕಾರಣಗಳನ್ನು ತತ್ತ್ವಾರ್ಥಸೂತ್ರ ಪಟ್ಟಿಮಾಡುತ್ತದೆ: ತಿಳಿದದ್ದನ್ನು ಬಚ್ಚಿಡುವುದು, ಕಲಿಯುವವರಿಗೆ ಅಡ್ಡಿಯಾಗುವುದು ಅದರಲ್ಲಿವೆ. ಜ್ಞಾನಕ್ಕೆ ಅಗೌರವ ತೋರುವುದೂ ಅದೇ ಪಟ್ಟಿಯಲ್ಲಿದೆ. ಕಾವಲಿನವರು ಅಗೌರವಕ್ಕೆ ಹೆದರಿದರು, ಪ್ರತಿಕಾರರು ಅಡ್ಡಿಯನ್ನು ದಾಟಿದರು. ಇಬ್ಬರ ಕಡೆಗೂ ಧರ್ಮದ ಒಂದು ಮಾತು ಇತ್ತು.

ಆದರೂ ಎರಡು ಭಯಗಳು ಸಮತೂಕದವಲ್ಲ. ಅಗೌರವವನ್ನು ನಾಳೆ ತಿದ್ದಬಹುದು; ಒಂದೇ ಊರಿನಲ್ಲಿದ್ದ ಗ್ರಂಥ ಹುಳಕ್ಕೋ ಬೆಂಕಿಗೋ ಹೋದರೆ ತಿದ್ದಲು ಏನೂ ಉಳಿಯದು. 10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದೂ ಕಾವಲಿನ ಒಂದು ಬಗೆಯೇ. ಹಾಗೆಂದು ನಂಬಿಕೆ ಮುರಿದದ್ದು ಸುಳ್ಳಾಗುವುದಿಲ್ಲ. ಫಲ ಒಳ್ಳೆಯದಾದರೆ ತಪ್ಪು ಅಳಿಸಿಹೋಗುತ್ತದೆ ಎಂದು ಒಪ್ಪಿದರೆ, ನಾಳೆ ಯಾರೂ ಯಾರಿಗೂ ಏನನ್ನೂ ಒಪ್ಪಿಸಿಕೊಡಲಾರರು.

ಗುಟ್ಟಾಗಿ ಬರೆದವರ ತಪ್ಪಿನಲ್ಲಿ ಒಂದು ಪಾಲು, ಅವರಿಗೆ ಬಹಿರಂಗವಾಗಿ ಬರೆಯಲು ಬಿಡದ ನಿಯಮದ್ದು ಎಂದು ನನಗನಿಸುತ್ತದೆ. ಏಳು ಶತಮಾನಕ್ಕೂ ಹೆಚ್ಚು ಕಾಲ ಗರಿಗಳನ್ನು ಕಾಯ್ದವರು ಇಲ್ಲದಿದ್ದರೆ ಕದಿಯಲೂ ಏನೂ ಇರುತ್ತಿರಲಿಲ್ಲ. ಲಕ್ಷ್ಮೀಬಾಯಿ ಕುಳಿತು ಬರೆಯದಿದ್ದರೆ ಧವಲಾ ನಮ್ಮ ಕೈಗೆ ಯಾವಾಗ ಬರುತ್ತಿತ್ತೋ. ಇಂದು ಅಚ್ಚಿನ ಪುಟ ತಿರುವುವ ನಮ್ಮ ಮೇಲೆ ಆ ಎರಡೂ ಋಣ ಇದೆ.