ಕೋವಿಯೂ ಮಗುವೂ

ದೀಪಾವಳಿ ಬಂತೆಂದರೆ ನಮ್ಮ ಪುರವರದ ಬೀದಿಗಳಲ್ಲಿ ಹುಡುಗರು ಕೇಪಿನ ಪಿಸ್ತೂಲು ಹಿಡಿದು ಒಬ್ಬರನ್ನೊಬ್ಬರು ಕೊಂದು ಕೆಡವುತ್ತಾರೆ. ಸತ್ತವನು ಮರುಗಳಿಗೆಯಲ್ಲೇ ಎದ್ದು ತನ್ನ ಸರದಿ ಕೇಳುತ್ತಾನೆ. ಇದನ್ನು ಕಂಡು ಗಾಬರಿಯಾಗುವವನು ನಾನಲ್ಲ, ಆಟ ಆಟವೇ. ಆದರೆ ನಿಜವಾದ ಕೋವಿಯಿರುವ ಮನೆಯ ಮಗು, ಸತ್ತವನು ಏಳುವುದಿಲ್ಲ ಎಂಬುದನ್ನು ಯಾರಿಂದ ಕಲಿಯಬೇಕು?

ನಮ್ಮ ನಾಡಿನಲ್ಲೇ ಇದಕ್ಕೊಂದು ಹಳೆಯ ಉತ್ತರವುಂಟು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು, ಮನೆಯಲ್ಲಿ ಸಾವಾದರೆ ಎರಡು ಹಾರಿಸುವುದು ಸಂಪ್ರದಾಯ. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ದೊರೆತಿರುವ ವಿನಾಯಿತಿಯನ್ನು 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿನ ಮಗುವಿಗೆ ಕೋವಿಯ ಸದ್ದೆಂದರೆ ಯಾರದೋ ಮನೆಯ ಹುಟ್ಟು, ಇಲ್ಲವೆ ಸಾವು. ಹಾಗೆಂದು ಪೂಜೆಯೇ ಬೀಗವಾಗದು. ಮನೆಯ ಜಗಳದಲ್ಲಿ, ಬೇಟೆಯ ಅಚಾತುರ್ಯದಲ್ಲಿ ಅಲ್ಲಿಯೂ ಜೀವಗಳು ಹೋಗಿವೆ.

ಅಮೆರಿಕದಲ್ಲಿ ಕೋವಿ 1791ರಿಂದ ಸಂವಿಧಾನದತ್ತವಾದ ಹಕ್ಕು. ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1988ರಲ್ಲಿ ಮಕ್ಕಳಿಗಾಗಿ ಒಂದು ಪಾಠ ಸಿದ್ಧಪಡಿಸಿತು: ಕೋವಿ ಕಂಡರೆ ನಿಲ್ಲು, ಮುಟ್ಟಬೇಡ, ಓಡಿಹೋಗು, ದೊಡ್ಡವರಿಗೆ ಹೇಳು. ಒಳ್ಳೆಯ ಮಾತೇ. ಆದರೆ ಇಂಥ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಮಕ್ಕಳೇ, ಎದುರಿಗೆ ಕೋವಿ ಸಿಕ್ಕಾಗ ಮುಟ್ಟಿದರೆಂದು ಅಲ್ಲಿಯ ಪರೀಕ್ಷೆಗಳು ತೋರಿಸಿದವು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 2022ರಲ್ಲಿ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು ಗುಂಡಿಗೆ ಬಲಿಯಾದರು. ಅಲ್ಲಿನ ಶಾಲೆಗಳಲ್ಲಿ ಎಳೆಯರು ಸದ್ದಿಲ್ಲದೆ ಅಡಗಿ ಕೂರುವುದನ್ನೂ ಅಭ್ಯಾಸ ಮಾಡಬೇಕಾಗಿದೆ. ದೊಡ್ಡವರು ಬಿಡಲೊಲ್ಲದ ಆಸೆಯ ಭಾರವನ್ನು ಮಗುವಿನ ಹೆಗಲಿಗೆ ಹೊರಿಸುವುದು ಯಾವ ನ್ಯಾಯ?

ಹಾಗಾದರೆ ಕೋವಿಯನ್ನು ಮಗುವಿನ ಕಣ್ಣಿಗೇ ಬೀಳದಂತೆ ಮುಚ್ಚಿಡೋಣವೆ ಎಂದು ಕೇಳಬಹುದು. ಮುಚ್ಚಿಟ್ಟದ್ದರ ಮೇಲೆಯೇ ಮಗುವಿಗೆ ಕುತೂಹಲ ಹೆಚ್ಚು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ತೋರಿಸಬೇಕು, ಆದರೆ ಏನನ್ನು ತೋರಿಸಬೇಕೆಂಬುದೇ ಮುಖ್ಯ. ಗುರಿ ಇಡುವ ಚಾತುರ್ಯವನ್ನಷ್ಟೇ ತೋರಿಸಿದರೆ ಮಗು ಕಲಿಯುವುದು ಶಕ್ತಿಯನ್ನು. ಹೊಡೆಯಬಲ್ಲವನು ಹೊಡೆಯದೆ ನಿಂತದ್ದನ್ನು ಕಂಡರೆ ಮಾತ್ರ ಸಂಯಮವನ್ನು ಕಲಿತೀತು.

ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತವೆ. ಅವುಗಳ ಬೇಟೆಯನ್ನು 1972ರ ಕಾಯಿದೆ ನಿಷೇಧಿಸಿದೆ. ಆದರೆ ಬಯಲಿನಲ್ಲಿ ಓಡುವ ಜಿಂಕೆಯನ್ನು ಕಾಯಿದೆಯ ಪುಸ್ತಕವೊಂದೇ ಕಾಯಲಾರದು. ಹೊಡೆಯಬಾರದು ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ ಜನ ಬೇಕು. ಮೊಮ್ಮಗನ ಕೈಹಿಡಿದು ಅಲ್ಲಿ ನಿಂತ ಅಜ್ಜ, "ಇವು ನಮ್ಮವಲ್ಲ, ಅವುಗಳ ಪಾಡಿಗೆ ಇರಲಿ" ಎಂದರೆ, ಕೋವಿಯ ವಿಷಯದಲ್ಲಿ ಅದಕ್ಕಿಂತ ದೊಡ್ಡ ಪಾಠ ನನಗೆ ತೋರದು.

ಮನೆಯಲ್ಲಿ ಕೋವಿಯುಳ್ಳವರು ಗುಂಡುಗಳನ್ನು ಬೇರೆಯಾಗಿಡಲಿ, ಎರಡಕ್ಕೂ ಬೀಗ ಹಾಕಲಿ, ಕೀಲಿಕೈ ತಮ್ಮಲ್ಲೇ ಇಟ್ಟುಕೊಳ್ಳಲಿ. ಮಗುವಿಗೆ ಬುದ್ಧಿ ಹೇಳುವುದು ಆಮೇಲಿನ ಮಾತು.