ಬೇರು ಹುಡುಕಿದವರು, ಬೇಲಿ ಕಂಡವರು

1877ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಕೇಶವಚಂದ್ರ ಸೇನ್ ಒಂದು ಉಪನ್ಯಾಸ ಕೊಟ್ಟರು. ಬ್ರಹ್ಮ ಸಮಾಜದ ಈ ಪ್ರಚಂಡ ಮಾತುಗಾರ ಇಂಗ್ಲಿಷರನ್ನು ಎಂದೋ ಅಗಲಿಹೋಗಿದ್ದ ದಾಯಾದಿಗಳೆಂದು ಬಣ್ಣಿಸಿದರು. ಪ್ರಾಚೀನ ಆರ್ಯಕುಲದ ಎರಡು ಕವಲುಗಳು ಮತ್ತೆ ಕೂಡುತ್ತಿವೆ ಎಂಬುದು ಅವರ ಸಂಭ್ರಮ. ದಾಯಾದಿಗಳೆಂದ ಮೇಲೆ ಆಸ್ತಿಯಲ್ಲಿ ಪಾಲು ಕೇಳಬೇಕಿತ್ತು; ಆ ಮಾತು ಅಲ್ಲಿ ಬರಲಿಲ್ಲ. ಆಳಿಸಿಕೊಂಡವರಿಗೆ ಆಳುವವರ ನೆಂಟಸ್ತಿಕೆಯೇ ಸಮಾಧಾನವಾಗಿತ್ತು.

ಅದಕ್ಕೆ ನಾಲ್ಕು ವರ್ಷ ಮೊದಲೇ ಪುಣೆಯ ಜ್ಯೋತಿರಾವ್ ಫುಲೆ ಅದೇ ಆರ್ಯಕಥೆಯನ್ನು ಬುಡಮೇಲು ಮಾಡಿದ್ದರು. 1873ರ ‘ಗುಲಾಮಗಿರಿ’ಯಲ್ಲಿ ಆರ್ಯರು ದಾಳಿಕೋರರು, ಬಲಿರಾಜನ ಪ್ರಜೆಗಳೇ ನೆಲದ ಒಡೆಯರು. ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ಹೋರಾಡಿದವರಿಗೆ ಅರ್ಪಿತವಾದ ಪುಸ್ತಕ ಅದು. ಮುಂದೆ ತಿಲಕರು 1903ರಲ್ಲಿ ವೇದಕಾಲದ ಪೂರ್ವಜರನ್ನು ಉತ್ತರ ಧ್ರುವದ ತನಕ ಕೊಂಡೊಯ್ದರು. ವಸಾಹತು ಆಡಳಿತವನ್ನು ಪ್ರಶ್ನಿಸಿದವರೂ ಒಪ್ಪಿದವರೂ ಆಡಿದ ಕಣ ಒಂದೇ: ಯಾರು ಎಲ್ಲಿಂದ ಬಂದರು?

ಆ ಕಣಕ್ಕೆ ಅಳತೆಗೋಲು ತಂದವನು ಹರ್ಬರ್ಟ್ ರಿಸ್ಲೆ. 1901ರ ಜನಗಣತಿಯ ಕಮಿಷನರ್ ಆಗಿದ್ದ ಈತ ಮೂಗಿನ ಅಗಲಕ್ಕೂ ಸಾಮಾಜಿಕ ಸ್ಥಾನಕ್ಕೂ ನಂಟು ಕಟ್ಟಿದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ. ಬಂಗಾಳದ ಅವನ ಅಂಕಿಗಳನ್ನು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1933ರಲ್ಲಿ ಮರುಪರಿಶೀಲಿಸಬೇಕಾಯಿತು.

ಕಣವನ್ನೇ ಬದಲಿಸಿದ್ದು ಇಪ್ಪತ್ತೈದರ ತರುಣ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಗೋಷ್ಠಿಯಲ್ಲಿ ಭೀಮರಾವ್ ಅಂಬೇಡ್ಕರ್ ಪ್ರಬಂಧ ಓದಿದರು. ಭಾರತದವರೆಲ್ಲ ಬೆರಕೆಯ ಜನ. ಜಾತಿಯ ಗುಟ್ಟು ರಕ್ತದಲ್ಲಿಲ್ಲ, ಜಾತಿಯೊಳಗೇ ಮದುವೆ ಎಂಬ ಕಟ್ಟಳೆಯಲ್ಲಿದೆ ಎಂದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಆ ಬೇಲಿಯನ್ನು ಕಾಯುವ ಉಪಾಯಗಳು. 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಅವರು ಮೂಗಿನ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಜನಾಂಗದವರೆಂಬ ವಾದ ನಿಲ್ಲುವುದಿಲ್ಲ ಎಂದು ತೋರಿಸಿದರು. ಫುಲೆಯನ್ನು ಗುರುವೆಂದು ಒಪ್ಪಿದವರು ಗುರುವಿನ ಆರ್ಯದಾಳಿಯ ಕಥೆಯನ್ನು ಮಾತ್ರ ಒಪ್ಪಲಿಲ್ಲ. ಈ ಬೌದ್ಧಿಕ ಧೈರ್ಯಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ಈಗ ಮೂಗಿನ ಜಾಗಕ್ಕೆ ಡಿಎನ್‌ಎ ಬಂದಿದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಲಾಲ್‌ಜಿ ಸಿಂಗ್, ಕುಮಾರಸ್ವಾಮಿ ತಂಗರಾಜ್ ಅವರೊಡನೆ ಹಾರ್ವರ್ಡಿನ ಡೇವಿಡ್ ರೈಕ್ ಮತ್ತಿತರರು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಹೈದರಾಬಾದಿನಲ್ಲಿ ನಡೆದ ಬಿಸಿ ಚರ್ಚೆಯನ್ನು ರೈಕ್ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಹೊರಗಿನಿಂದ ದೊಡ್ಡ ವಲಸೆ ಬಂತೆಂದು ಸೂಚಿಸುವ ಒಕ್ಕಣೆಗೆ ಭಾರತೀಯ ವಿಜ್ಞಾನಿಗಳು ಒಪ್ಪಲಿಲ್ಲ. ಕೊನೆಗೆ ಉತ್ತರ ಭಾರತದ ಪೂರ್ವಜರು, ದಕ್ಷಿಣ ಭಾರತದ ಪೂರ್ವಜರು ಎಂಬ ಎರಡು ಹೆಸರುಗಳಲ್ಲಿ ರಾಜಿಯಾಯಿತು. ವಸಾಹತಿನ ಗಾಯ ಪ್ರಯೋಗಾಲಯದ ಒಳಗೂ ನೋಯುತ್ತದೆ. ನೋವು ನಿಜ, ಅದು ಪುರಾವೆಯ ತೂಕವನ್ನು ಮಾತ್ರ ಬದಲಿಸಲಾರದು.

2019ರ ಸೆಪ್ಟೆಂಬರ್‌ನಲ್ಲಿ ಈ ಜಗ್ಗಾಟ ಬಯಲಿಗೇ ಬಂತು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಒಬ್ಬ ಹೆಂಗಸಿನ ಅಸ್ಥಿಯಲ್ಲಿ, ಆರ್ಯರ ವಲಸೆಯೊಡನೆ ತಳಕು ಹಾಕಲಾಗುವ ಹುಲ್ಲುಗಾವಲ ಪಶುಪಾಲಕರ ವಂಶದ ಕುರುಹಿಲ್ಲ ಎಂದು ‘ಸೆಲ್’ ಪತ್ರಿಕೆಯ ಪ್ರಬಂಧ ಹೇಳಿತು. ಆರ್ಯರ ವಲಸೆ ಸುಳ್ಳಾಯಿತೆಂದು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಘೋಷಣೆಯಾಯಿತು. ಆದರೆ ಅದೇ ಹೊತ್ತಿಗೆ ‘ಸೈನ್ಸ್’ನಲ್ಲಿ ಬಂದ, ‘ಸೆಲ್’ ಪ್ರಬಂಧದ ಲೇಖಕರಲ್ಲೇ ಕೆಲವರು ಸಹಲೇಖಕರಾಗಿದ್ದ ಇನ್ನೊಂದು ಪ್ರಬಂಧ ಸುಮಾರು ಕ್ರಿ.ಪೂ. 2000ದಿಂದ 1500ರ ನಡುವೆ ಆ ಪಶುಪಾಲಕರ ವಂಶ ಇಲ್ಲಿಗೆ ಹರಿದುಬಂದುದನ್ನು ದಾಖಲಿಸಿತ್ತು. ಆ ಹೆಂಗಸು ಅದಕ್ಕೂ ಹಿಂದಿನವಳು. ಆಕೆಯಲ್ಲಿ ಆ ಕುರುಹು ಇಲ್ಲದಿರುವುದು ವಲಸೆಯ ಕಥೆಗೆ ಹೊಂದಿಕೊಳ್ಳುತ್ತದೆಯೇ ಹೊರತು ಅದನ್ನು ಒಡೆಯುವುದಿಲ್ಲ. ಪ್ರಬಂಧದಲ್ಲಿ ಎಚ್ಚರಿಕೆ, ವೇದಿಕೆಯಲ್ಲಿ ಜಯಘೋಷ. ಸಾರ್ವಜನಿಕ ಉಪನ್ಯಾಸಗಳ ಹಳೇ ರೋಗ ಇದು.

ವಲಸೆ ನಡೆಯಿತೆಂದೇ ಇಟ್ಟುಕೊಳ್ಳೋಣ. ಅದರಿಂದ ಯಾರ ಹಕ್ಕು ಹೆಚ್ಚಾಯಿತು, ಯಾರದು ಕಡಿಮೆಯಾಯಿತು? ಮೊದಲು ಬಂದವನಿಗೆ ನೆಲ ಎಂಬುದು ರೈಲಿನ ಸೀಟಿಗೆ ಕರವಸ್ತ್ರ ಹಾಕುವ ನ್ಯಾಯ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿಗಳ ಪೂರ್ವಜರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದದ್ದು ಪೋರ್ಚುಗೀಸರು ಮತ್ತಿತರರು. ವಂಶವಾಹಿ ಅಧ್ಯಯನಗಳೂ ಆ ಮೂಲವನ್ನು ದೃಢಪಡಿಸಿವೆ. ಮೂಲವೇ ಮಾನದಂಡವಾದರೆ ಉತ್ತರ ಕನ್ನಡದ ಕಾಡಿನಲ್ಲಿ ಅವರಿಗೆ ಯಾವ ಜಾಗ? ನ್ಯಾಯದ ಪ್ರಶ್ನೆಗೆ ಉತ್ತರ ಎಲುಬಿನಲ್ಲಿ ಸಿಗುವುದಿಲ್ಲ. ಫುಲೆ ದಬ್ಬಾಳಿಕೆ ತಪ್ಪೆಂದದ್ದು ಸರಿ; ದಬ್ಬಾಳಿಕೆ ಮಾಡಿದವರು ಇಲ್ಲೇ ಹುಟ್ಟಿದವರಾಗಿದ್ದರೂ ಅದು ಅಷ್ಟೇ ಸರಿಯಾಗಿರುತ್ತಿತ್ತು.

ವಂಶವಾಹಿ ವಿಜ್ಞಾನ ನಿಜಕ್ಕೂ ಬೆಚ್ಚಿಬೀಳಿಸುವುದು ಬೇರೊಂದು ಕಡೆ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು 73 ಸಮುದಾಯಗಳನ್ನು ಪರಿಶೀಲಿಸಿ, ಸುಮಾರು 4200 ವರ್ಷಗಳ ಹಿಂದಿನಿಂದ 1900 ವರ್ಷಗಳ ಹಿಂದಿನವರೆಗೆ ಇಲ್ಲಿ ಜನ ಧಾರಾಳವಾಗಿ ಬೆರೆತರು ಎಂದರು. ಆಮೇಲೆ ಆ ಬೆರೆಯುವಿಕೆ ಬಹುಪಾಲು ನಿಂತಿತು. ಆಂಧ್ರದ ವೈಶ್ಯರಲ್ಲಿ ಸಾವಿರಾರು ವರ್ಷ ಹೊರಗಿನ ಸಂಬಂಧ ಬಹಳ ವಿರಳವಾಗಿತ್ತು. ಒಂದು ಕಿಣ್ವದ ಕೊರತೆ ಅವರಲ್ಲಿ ಹೆಚ್ಚಾಗಿ ಕಾಣುವುದರಿಂದ ಅರಿವಳಿಕೆ ತಜ್ಞರು ಸ್ನಾಯು ಸಡಿಲಿಸುವ ಕೆಲವು ಔಷಧಗಳನ್ನು ಕೊಡುವಾಗ ಎಚ್ಚರ ವಹಿಸುತ್ತಾರೆ. ಕೊಲಂಬಿಯಾದ ಆ ತರುಣ ಬೆರಳಿಟ್ಟು ತೋರಿಸಿದ್ದ ಬೇಲಿ ಜೀವಕೋಶದಲ್ಲಿ ಗುರುತು ಬಿಟ್ಟಿತ್ತು. ಆರ್ಯರ ದಾರಿ ಹುಡುಕಿದವರಲ್ಲಿ ಹೆಚ್ಚಿನವರು ಆ ಗುರುತಿನ ಕಡೆ ತಿರುಗಿಯೂ ನೋಡುವುದಿಲ್ಲ.

ಬೇಲಿ ಈಗಲೂ ಇದೆ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿಯ ಹೊರಗೆ ಮದುವೆಯಾದವರೆಂದು ಹೇಳಿಕೊಂಡವರು ನೂರಕ್ಕೆ ಸುಮಾರು ಐದು ಮಂದಿ.