ಆಕಾಶದ ಹಕ್ಕಿಗಳನ್ನು ನಾವು ನೋಡಿದ್ದೇವೆಯೇ?



ಸಂತ ಮತ್ತಾಯರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಜನರಿಗೆ ಆಕಾಶದ ಹಕ್ಕಿಗಳನ್ನು ತೋರಿಸಿ ಮಾತನಾಡುತ್ತಾರೆ. ಅವುಗಳಿಗೆ ಹೊಲವಿಲ್ಲ, ಕಣಜವಿಲ್ಲ, ಆದರೂ ತಂದೆಯಾದ ದೇವರು ಅವನ್ನು ಸಾಕುತ್ತಾರೆ ಎಂಬ ಆ ಬೋಧನೆ ನಮಗೆಲ್ಲ ಬಾಯಿಪಾಠ. ಮದುವೆಯ ಬಲಿಪೂಜೆಯಲ್ಲಿ ಅದನ್ನು ಓದುತ್ತೇವೆ. ಸಾಲದಲ್ಲಿ ಮುಳುಗಿದವರ ಮನೆಗೆ ಹೋದಾಗ ಹೇಳುತ್ತೇವೆ. ಆಸ್ಪತ್ರೆಯ ಮಂಚದ ಪಕ್ಕ ನಿಂತು, ಬೇರೇನು ಹೇಳಬೇಕೆಂದು ತೋಚದಿದ್ದಾಗಲೂ ಅದನ್ನೇ ಹೇಳುತ್ತೇವೆ.

ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಪ್ರಭು ಅಲ್ಲಿ ಎರಡು ಅಪ್ಪಣೆ ಕೊಟ್ಟಿದ್ದಾರೆ. ಚಿಂತೆ ಬಿಡಿ ಎಂಬುದು ಒಂದು, ಹಕ್ಕಿಗಳನ್ನು ನೋಡಿ ಎಂಬುದು ಇನ್ನೊಂದು. ಮೊದಲನೆಯದು ನಮ್ಮಿಂದ ಆಗುತ್ತಿಲ್ಲವೆಂದು ಎಷ್ಟೋ ಮಂದಿ ನನ್ನ ಬಳಿ ಅಳಲು ತೋಡಿಕೊಂಡಿದ್ದಾರೆ. ಎರಡನೆಯದನ್ನು ಪಾಲಿಸಲಿಲ್ಲವಲ್ಲ ಎಂದು ಕೊರಗಿದವರನ್ನು ಮಾತ್ರ ನಾನು ಕಂಡಿಲ್ಲ.

ಮೂಲ ಗ್ರೀಕಿನಲ್ಲಿ ಮತ್ತಾಯರು ಬಳಸಿರುವ ಕ್ರಿಯಾಪದ 'ಎಂಬ್ಲೆಪೊ'. ದೃಷ್ಟಿ ನೆಟ್ಟು ನೋಡುವುದು ಎಂದು ಅದರ ಅರ್ಥ. ಆಸ್ತಿವಂತನೊಬ್ಬ ಬಂದು ಮೊಣಕಾಲೂರಿದಾಗ ಯೇಸು ಅವನನ್ನು ನೋಡಿ ಪ್ರೀತಿಸಿದರೆಂದು ಸಂತ ಮಾರ್ಕರು ಬರೆಯುವಾಗ ಬಳಸಿದ್ದು ಇದೇ ಪದ. ಕೋಳಿ ಕೂಗಿದ ಆ ಹೊತ್ತಿನಲ್ಲಿ, ಮೂರು ಸಲ ಅಲ್ಲಗಳೆದ ಪೇತ್ರರತ್ತ ಪ್ರಭು ತಿರುಗಿ ನೋಡಿದರೆಂದು ಸಂತ ಲೂಕರು ಬರೆಯುವಾಗಲೂ ಇದೇ. ಯೇಸು ಪೇತ್ರರನ್ನು ನೋಡಿದ ಹಾಗೆ ನಾವು ಹಕ್ಕಿಯನ್ನು ನೋಡಬೇಕು. ಬಸ್ಸಿನ ಕಿಟಕಿಯಿಂದ ಕಂಡರೆ ಸಾಲದು.

ಹಾಗಾದರೆ ಎಲ್ಲಿ ನೋಡುವುದು? ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ನಂದಿ ಬೆಟ್ಟವಿದೆ; ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ಸೂರ್ಯೋದಯ ನೋಡಲು, ಫೋಟೋ ತೆಗೆಸಿಕೊಳ್ಳಲು, ಬೋಂಡಾ ತಿನ್ನಲು ನಾವೆಲ್ಲ ಹೋಗಿಬಂದವರೇ. ನವೆಂಬರಿನಿಂದ ಫೆಬ್ರವರಿಯವರೆಗೆ ಅದೇ ಬೆಟ್ಟದ ಮರಗಳಡಿ ಹಿಮಾಲಯದಿಂದ ಬಂದ ಅತಿಥಿಗಳಿರುತ್ತಾರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪಕ್ಷಿಗಳನ್ನು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಶನಿವಾರ ಹೋಗಿ. ಭಾನುವಾರ ಬೆಟ್ಟದಲ್ಲಿ ವಿಪರೀತ ಜನ. ಅಲ್ಲದೆ ಅಂದು ಬೆಳಿಗ್ಗೆ ನಿಮಗೂ ನನಗೂ ಬೇರೆ ಕೆಲಸವಿದೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಹದಿನೆಂಟು ಮಂದಿ ಹೀಗೆ ಹೋಗಿದ್ದೆವು. ಮಾರ್ಗದರ್ಶಕನಾಗಿ ಬಂದವನು ಇಪ್ಪತ್ತೈದರ ಆಸುಪಾಸಿನ ತರುಣ. ಕೆಂಪು ಸ್ವೆಟರ್ ಬೇಡ, ಸೆಂಟು ಬೇಡ, ಮೊಬೈಲ್ ಬಾಯಿ ಮುಚ್ಚಿರಲಿ ಎಂದು ಮೊದಲೇ ಹೇಳಿಕಳಿಸಿದ್ದ. ಬೆಳಕು ಹರಿಯುವ ಮುನ್ನ ಮಂಜಿನಲ್ಲಿ ನಿಂತಿದ್ದಾಗ ಏನೂ ಕಾಣಿಸುತ್ತಿರಲಿಲ್ಲ, ಆದರೆ ಅವನು ಆಗಲೇ ಹೆಸರುಗಳನ್ನು ಹೇಳತೊಡಗಿದ್ದ. ಇದು ಮಡಿವಾಳ ಹಕ್ಕಿ. ಇದು ಕುಟ್ರು. ಅದೋ, ಕೆಮ್ಮೀಸೆ ಪಿಕಳಾರ. ನಮಗೆ ಒಂದೇ ಗದ್ದಲವಾಗಿ ಕೇಳಿಸಿದ್ದು ಅವನಿಗೆ ಒಬ್ಬೊಬ್ಬರ ದನಿಯಾಗಿತ್ತು.

ಬೆಳಕಾದ ಮೇಲಿನ ಕಥೆಯೂ ಅಷ್ಟೇ. "ಆ ಒಣಕೊಂಬೆ, ಅದರ ಎಡಕ್ಕೆ ಕವಲು, ಅದರ ಕೆಳಗೆ" ಎಂದು ಅವನು ತೋರಿಸುತ್ತಾನೆ, ನಾವು "ಎಲ್ಲಿ? ಎಲ್ಲಿ?" ಎನ್ನುತ್ತೇವೆ. ಐದು ನಿಮಿಷ ಹೆಣಗಾಡಿದ ಮೇಲೆ ದುರ್ಬೀನಿನಲ್ಲಿ ಅದು ತಟ್ಟನೆ ಸಿಗುತ್ತದೆ. ಸಿಕ್ಕ ಕ್ಷಣದಿಂದ ತೋರಿಸಿದವನ ಬೆರಳು ಯಾರಿಗೂ ಬೇಡ. ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಸ್ನಾನಿಕ ಯೊವಾನ್ನರು ನಡೆದುಹೋಗುತ್ತಿದ್ದ ಯೇಸುವನ್ನು ದಿಟ್ಟಿಸಿ (ಅಲ್ಲಿಯೂ ಅದೇ 'ಎಂಬ್ಲೆಪೊ') ತಮ್ಮ ಶಿಷ್ಯರಿಗೆ ತೋರಿಸಿದಾಗ ಆದದ್ದೂ ಇದೇ. ಶಿಷ್ಯರಿಬ್ಬರೂ ತೋರಿಸಿದವರನ್ನು ಬಿಟ್ಟು ಯೇಸುವಿನ ಹಿಂದೆ ಹೋದರು. ಮಕ್ಕಳಿಗೆ ವಿಶ್ವಾಸವನ್ನು ಹೇಳಿಕೊಡುವ ತಾಯ್ತಂದೆಯರು ಈ ಭಾಗವನ್ನು ಒಮ್ಮೆ ಓದಿಕೊಳ್ಳಿ. ತಾವು ನೋಡದ ಹಕ್ಕಿಯನ್ನು ಯಾರೂ ಇನ್ನೊಬ್ಬರಿಗೆ ತೋರಿಸಲಾರರು.

ಅಂದು ಕಂಡ ಒಂದು ಹಕ್ಕಿಯ ಬಗ್ಗೆ ಹೇಳಲೇಬೇಕು: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗಲ್ಲಿನ ಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಅದು ಇಲ್ಲ. ಆ ಗುಡ್ಡಗಳನ್ನು ಜಲ್ಲಿಗಾಗಿ ಒಡೆದರೆ ಅದಕ್ಕೆ ಹೋಗಲು ಬೇರೆ ಊರಿಲ್ಲ. ಇನ್ನೊಂದು, ಹತ್ತು ಗ್ರಾಂ ಕೂಡ ತೂಗದ ಹಸಿರು ಬಣ್ಣದ ಉಲಿಯಕ್ಕಿ. ಬೇಸಿಗೆಯನ್ನು ಹಿಮಾಲಯದ ಕಡೆ ಕಳೆದು ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ರಾತ್ರಿಯೆಲ್ಲ ಚಳಿಯಲ್ಲಿ ಮೈಯ ಕೊಬ್ಬನ್ನು ಕರಗಿಸಿಕೊಂಡು, ಬೆಳಕು ಬಿದ್ದೊಡನೆ ಎಲೆ ಎಲೆಯ ಅಡಿಯಲ್ಲೂ ಹುಳು ಹುಡುಕುತ್ತದೆ. ಅರ್ಧ ಗಂಟೆ ಅದನ್ನೇ ನೋಡಿದೆವು, ಅದು ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. ದೇವರು ಹಕ್ಕಿಗೆ ಉಣಿಸುತ್ತಾರೆ ಎಂಬುದನ್ನು ಕೈಕಟ್ಟಿ ಕೂರಲು ನೆಪ ಮಾಡಿಕೊಂಡವರು ಹಕ್ಕಿಯನ್ನು ನೋಡಿದವರಲ್ಲ.

ಕಾಗೆಗಳಂತೂ ನಮ್ಮ ತಿಂಡಿಯ ಪೊಟ್ಟಣಗಳನ್ನು ಕಾಯುತ್ತಲೇ ಇದ್ದವು. ಸಂತ ಲೂಕರ ಶುಭಸಂದೇಶದಲ್ಲಿ ಇದೇ ಬೋಧನೆ ಬರುವಾಗ ಯೇಸುಸ್ವಾಮಿ ಹೆಸರಿಸುವುದು ಕಾಗೆಯನ್ನೇ ಎಂಬುದನ್ನು ಗಮನಿಸಿದ್ದೀರಾ? ಯಾಜಕಕಾಂಡದ ಪ್ರಕಾರ ಅದು ಅಶುದ್ಧ ಪಕ್ಷಿ. ಕೇಳುತ್ತಿದ್ದ ಯೆಹೂದ್ಯರಿಗೆ ಇದು ಇರುಸುಮುರುಸು ಮಾಡಿರಬೇಕು. ಜ್ಞಾನಸ್ನಾನ ಪಡೆದು ಮೂರು ತಲೆಮಾರು ಕಳೆದರೂ ಕಾಗೆ ತಲೆ ಮುಟ್ಟಿತೆಂದು ಪೂಜೆಗೆ ಕೊಡಲು ಬರುವವರು ನಮ್ಮಲ್ಲೂ ಇದ್ದಾರೆ. ಅವರು ಲೂಕ 12:24ನ್ನು ಓದಲಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ನಮ್ಮ ಜೊತೆ ಒಬ್ಬ ತಾಯಿ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಮಗಳು ಕಾಲೇಜಿನಲ್ಲಿ ಎರಡನೆಯ ವರ್ಷ. ನೆಂಟರು, ನೆರೆಯವರು, ಪ್ರಾರ್ಥನಾ ಕೂಟದವರು ಎಲ್ಲರೂ ಮನೆಗೆ ಬಂದು ಆಕಾಶದ ಹಕ್ಕಿಗಳ ವಚನವನ್ನೇ ಹೇಳಿ, ಕಾಫಿ ಕುಡಿದು ಹೋಗಿದ್ದರು. "ಆ ಮಾತು ಕೇಳಿದರೆ ಮೈ ಉರಿಯುತ್ತದೆ, ಸ್ವಾಮಿ" ಎಂದು ಅವರು ಹಿಂದೆಯೇ ನನಗೆ ಹೇಳಿದ್ದುಂಟು. ಮಗಳು ಹಟ ಹಿಡಿದಳೆಂದು ಬೆಟ್ಟಕ್ಕೆ ಬಂದಿದ್ದರು.

ಬಂಡೆಯ ಅಂಚಿನಲ್ಲಿ ನಿಂತಿದ್ದೆವು. ಕೆಳಗೆ ಗಿಣಿಗಳ ಗುಂಪೊಂದು ಕಿರುಚುತ್ತ ಹೋಗುತ್ತಿತ್ತು. ಮೇಲಿನಿಂದ ಕಪ್ಪಗೆ ಏನೋ ಬಿದ್ದಂತಾಯಿತು. ಶಾಹೀನ್ ಚಾಣ. ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಪು ಚದುರಿತು, ಚಾಣ ಒಂದು ಗಿಣಿಯನ್ನು ಕಾಲಲ್ಲಿ ಹಿಡಿದು ಬಂಡೆಯ ಮರೆಗೆ ಹೋಯಿತು. ಹಸಿರು ಗರಿಗಳು ಗಾಳಿಯಲ್ಲಿ ನಿಧಾನವಾಗಿ ಇಳಿಯುತ್ತಿದ್ದವು. ಹುಡುಗರು ಚಪ್ಪಾಳೆ ತಟ್ಟಿದರು. ಆ ತಾಯಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಚಾಣಕ್ಕೆ ದೇವರು ಊಟ ಕೊಟ್ಟರು, ಸ್ವಾಮಿ. ಗಿಣಿಗೆ ಏನು ಕೊಟ್ಟರು?"

ಈ ಪ್ರಶ್ನೆಯನ್ನು ಬದಿಗೆ ತಳ್ಳುವ ಪ್ರಬೋಧನೆ ನನಗೆ ಬೇಡ. ಶುಭಸಂದೇಶವೂ ಅದನ್ನು ಬದಿಗೆ ತಳ್ಳುವುದಿಲ್ಲ. ಅದೇ ಮತ್ತಾಯರ ಹತ್ತನೆಯ ಅಧ್ಯಾಯ ತೆರೆಯಿರಿ. ಅಲ್ಲಿ ಹಕ್ಕಿ ಬೀಳುತ್ತದೆ. ಒಂದು ಅಸ್ಸಾರಿಯೊನ್ ನಾಣ್ಯಕ್ಕೆ ಎರಡು ಗುಬ್ಬಿ ಎಂಬ ಪೇಟೆಯ ಧಾರಣೆಯನ್ನು ಯೇಸುವೇ ಹೇಳುತ್ತಾರೆ. ಕೂಲಿಯವನ ದಿನದ ಸಂಬಳ ಒಂದು ದಿನಾರಿ, ಅದರ ಹದಿನಾರನೆಯ ಒಂದು ಪಾಲು ಅಸ್ಸಾರಿಯೊನ್. ಬಡವರು ಕೊಂಡು ತಿನ್ನುತ್ತಿದ್ದ ಮಾಂಸ ಅದು. ಹಕ್ಕಿ ಬೀಳದು ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಅದು ಬೀಳುವಾಗ ತಂದೆ ಅಲ್ಲಿಲ್ಲದೆ ಬೀಳದು ಎಂದರು. ಹಲವು ಅನುವಾದಗಳು ಇಲ್ಲಿ ತಂದೆಯ 'ಚಿತ್ತ' ಅಥವಾ 'ಅಪ್ಪಣೆ' ಎಂಬ ಪದವನ್ನು ಸೇರಿಸುತ್ತವೆ. ಗ್ರೀಕಿನಲ್ಲಿ ಆ ಪದವಿಲ್ಲ, 'ನಿಮ್ಮ ತಂದೆಯ ಹೊರತು' ಎಂದಷ್ಟೇ ಇದೆ. ದೇವರೇ ಕೆಡವಿದರು ಎಂದು ಓದುವುದಕ್ಕೂ, ಬೀಳುವಾಗ ದೇವರು ಬಿಟ್ಟುಹೋಗಲಿಲ್ಲ ಎಂದು ಓದುವುದಕ್ಕೂ ಎಷ್ಟು ಅಂತರ! ಕಾರ್ಖಾನೆ ಮುಚ್ಚಿಸಿದ್ದು ದೇವರ ಚಿತ್ತ ಎಂದು ಆ ಮನೆಯಲ್ಲಿ ಹೇಳಿಬಂದವರು ಈ ಅಂತರವನ್ನು ಯೋಚಿಸಬೇಕು.

ಲೂಕರಲ್ಲಿ ಲೆಕ್ಕ ಸ್ವಲ್ಪ ಬೇರೆ. ಎರಡು ನಾಣ್ಯಕ್ಕೆ ಐದು ಗುಬ್ಬಿ. ಒಂದಕ್ಕೆ ಎರಡಾದರೆ ಎರಡಕ್ಕೆ ನಾಲ್ಕಾಗಬೇಕಿತ್ತು. ಐದನೆಯದು ಕೊಸರು. ಸಂತೆಯಲ್ಲಿ ಸೊಪ್ಪು ಕೊಂಡಾಗ ಮೇಲೊಂದು ಹಿಡಿ ಹಾಕುತ್ತಾರಲ್ಲ, ಹಾಗೆ. ಬೆಲೆಯೇ ಇಲ್ಲದ ಆ ಐದನೆಯದನ್ನೂ ದೇವರು ಮರೆತಿಲ್ಲವೆಂದು ಯೇಸು ಹೇಳುತ್ತಾರೆ. ಪಕ್ಷಿತಜ್ಞ ಸಲೀಂ ಅಲಿಯವರು 1985ರಲ್ಲಿ ಬರೆದ ಆತ್ಮಕಥೆಗೆ 'ಒಂದು ಗುಬ್ಬಿಯ ಪತನ' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು. ಹುಡುಗನಾಗಿದ್ದಾಗ ಅವರು ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಗುರುತಿತ್ತು. ಅದು ಯಾವುದೆಂದು ತಿಳಿಯಲು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಹೋದದ್ದೇ ಅವರ ಜೀವನದ ದಾರಿಯಾಯಿತು. ಬಿದ್ದ ಒಂದು ಹಕ್ಕಿಯನ್ನು ಮನುಷ್ಯನೊಬ್ಬ ಎಪ್ಪತ್ತು ವರ್ಷಕ್ಕೂ ಮೀರಿ ನೆನಪಿಟ್ಟುಕೊಳ್ಳಬಲ್ಲನಾದರೆ ಸೃಷ್ಟಿಸಿದವರ ನೆನಪು ಎಷ್ಟಿದ್ದೀತು?

ಇದು ಸಮಾಧಾನವೇ, ಆದರೆ ಊಟವಲ್ಲ. ಆ ತಾಯಿಗೆ ಬೇಕಾದದ್ದು ಕಾಲೇಜಿನ ಫೀಸು. ದೇವರು ಉಣಿಸುವುದು ಹೇಗೆ ಎಂಬ ಪ್ರಶ್ನೆಗೆ ಸಂತ ತೋಮಾಸ್ ಅಕ್ವಿನಾಸರ ಉತ್ತರವನ್ನು ಸೆಮಿನರಿಯಲ್ಲಿ ನಾವು ಓದಿದ್ದೆವು. ದೇವರ ಪರಿಪಾಲನೆ ಸೃಷ್ಟಿಯ ಮೂಲಕವೇ ನಡೆಯುತ್ತದೆ. ತಾವೊಬ್ಬರೇ ಮಾಡಬಹುದಾದದ್ದನ್ನು ಜೀವಿಗಳ ಕೈಯಿಂದ ಮಾಡಿಸಿ ಅವುಗಳಿಗೂ ಗೌರವ ಕೊಡುತ್ತಾರೆ ಎಂಬುದು ಅದರ ಸಾರ. ಉಲಿಯಕ್ಕಿಗೆ ದೇವರು ಬಡಿಸುವುದು ಎಲೆಯಡಿಯ ಹುಳುವಿನಿಂದ, ಕುಟ್ರುವಿಗೆ ಅತ್ತಿಹಣ್ಣಿನಿಂದ. ಪ್ರವಾದಿ ಎಲೀಯರಿಗೆ ಹಳ್ಳದ ಬಳಿ ಕಾಗೆಗಳು ರೊಟ್ಟಿ, ಮಾಂಸ ತಂದುಕೊಟ್ಟದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮುಂದಿನದನ್ನು ಹೇಳುವುದು ಕಡಿಮೆ. ಕೆಲವು ದಿನಗಳ ಮೇಲೆ ಆ ಹಳ್ಳವೇ ಬತ್ತಿಹೋಯಿತು. ಆಗ ದೇವರು ಅವರನ್ನು ಕಳಿಸಿದ್ದು ಸಿರಿವಂತನ ಮನೆಗಲ್ಲ. ಹಿಡಿ ಹಿಟ್ಟು ಮಾತ್ರ ಉಳಿದಿದ್ದ, ಮಗನೊಂದಿಗೆ ಅದನ್ನುಂಡು ಸಾಯಲು ಸಿದ್ಧಳಾಗಿದ್ದ ಸರೆಪ್ತದ ವಿಧವೆಯ ಬಳಿಗೆ. ಹಳ್ಳ ಬತ್ತಿದವರ ಮನೆಗೆ ನಾವು ಬರಿಗೈಯಲ್ಲಿ ಹೋಗಿ ಹಕ್ಕಿಯ ವಚನ ಹೇಳಿದರೆ ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯ ನಮ್ಮ ವಿಶ್ವಾಸಕ್ಕೆ ಇಡುವ ಹೆಸರು ಬಹಳ ಕಟುವಾದುದು.

ಬೆಟ್ಟ ಇಳಿಯುವಾಗ ವ್ಯಾನಿನಲ್ಲಿ ನಮ್ಮ ವಿನ್ಸೆಂಟ್ ದ ಪೌಲ್ ಸಭೆಯ ಇಬ್ಬರು ಹೆಂಗಸರು ಆ ತಾಯಿಯ ಪಕ್ಕದ ಸೀಟಿಗೆ ಹೋಗಿ ಕೂತರು. ಫೀಸು ಎಷ್ಟು ಕಟ್ಟಬೇಕು, ಯಾವತ್ತಿನೊಳಗೆ ಎಂದು ಕೇಳಿದರು. ಎಂಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೇ ಮೊದಲಂತೆ. ಗಂಡನಿಗೆ ಇನ್ನೂ ಖಾಯಂ ಕೆಲಸ ಸಿಕ್ಕಿಲ್ಲ. ಹುಡುಗಿ ಪರೀಕ್ಷೆ ಬರೆದಳು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ನಮ್ಮ ಚರ್ಚುಗಳ ಅಂಗಳಗಳು ಈಚೆಗೆ ಇಂಟರ್‌ಲಾಕ್ ಟೈಲ್ಸಿನಿಂದ ಚೊಕ್ಕಟವಾಗುತ್ತಿವೆ. ವಾಹನ ನಿಲ್ಲಿಸಲು ಅನುಕೂಲ, ನಿಜ. ಅದಕ್ಕಾಗಿ ಹಳೆಯ ಅತ್ತಿಯನ್ನೋ ಆಲವನ್ನೋ ಕಡಿಯುವ ಮುನ್ನ, ಅದು ಯಾರ ಊಟದ ಮೇಜು ಎಂದು ಧರ್ಮಕೇಂದ್ರದ ಪಾಲನಾ ಸಮಿತಿ ಒಮ್ಮೆ ಕೇಳಿಕೊಳ್ಳಲಿ. ತಂದೆ ಉಣಿಸುತ್ತಾರೆಂದು ಒಳಗೆ ಓದಿ, ಹೊರಗೆ ಎಲೆ ಎತ್ತಿಬಿಟ್ಟರೆ ಹೇಗೆ? ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸೀ' ಎಂಬ ವಿಶ್ವಪತ್ರ ಈ ವಿಷಯವನ್ನೇ ವಿವರವಾಗಿ ಹೇಳುತ್ತದೆ.

ವ್ಯಾನು ಹತ್ತುವ ಮುನ್ನ ಟೀ ಅಂಗಡಿಯ ಬಳಿ ಆ ತರುಣ ನೋಟ್ ಪುಸ್ತಕ ತೆರೆದು ಕಂಡ ಹಕ್ಕಿಗಳ ಪಟ್ಟಿ ಬರೆಯುತ್ತಿದ್ದ. ಹಕ್ಕಿಯ ಹೆಸರು, ಎದುರಿಗೆ ಎಷ್ಟು ಕಂಡವು ಎಂಬ ಸಂಖ್ಯೆ. ಕಾಣದೆ ದನಿ ಮಾತ್ರ ಕೇಳಿದವೂ ಪಟ್ಟಿಗೆ ಸೇರುತ್ತವಂತೆ. ಗಿಣಿ, ಹನ್ನೊಂದು ಎಂದು ಬರೆದ. ಆ ತಾಯಿ ಟೀ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿ, "ಚಾಣ ತಗೊಂಡು ಹೋಯ್ತಲ್ಲ, ಅದನ್ನೂ ಸೇರಿಸಿದ್ಯಾ ಮಗಾ?" ಎಂದು ಕೇಳಿದರು. ಅವನು ಒಂದು ಕ್ಷಣ ಯೋಚಿಸಿ, ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದುಕೊಂಡ.